ಮೂರು ಕೊಟೇಷನ್ನಿನ ಚಕ್ರ

ಅವರು ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ದುಃಖವಾಗಲಿಲ್ಲ. ಸುಳ್ಳು ಯಾಕೆ ಹೇಳಲಿ? ಮೊದಲು ಹೊಳೆದದ್ದು ಇಷ್ಟೇ: ಕೊನೆಗಾಲದಲ್ಲಿ ಡಾಕ್ಟರನ್ನು ಕರೆಸುವ ಮೊದಲು ಇವರು ಮೂರು ಕೊಟೇಷನ್ ತರಿಸಿದ್ದರೋ ಇಲ್ಲವೋ? ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ನೀವು ಅವರಿಗೆ ಹತ್ತಿರದವರಾಗಿದ್ದಿರಿ, ನಾಲ್ಕು ಒಳ್ಳೆಯ ಮಾತು ಬರೆಯಿರಿ ಅಂದರು. ಹತ್ತಿರವಿದ್ದೆ, ನಿಜ. ಹತ್ತಿರವಿದ್ದದ್ದರಿಂದಲೇ ನಾಲ್ಕು ಒಳ್ಳೆಯ ಮಾತು ಕೂಡಿಸುವುದು ಕಷ್ಟವಾಗಿದೆ. ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ನೋಡುವುದೆಂದರೆ ಅವರಿಗೆ ಪ್ರಾಣ. ಆ ಸುಖ ಸತ್ತ ಮೇಲೂ ನನ್ನ ಕೈಯಿಂದ ಸಿಗುವುದು ಬೇಡ.

ಕೇರಳವೆಂಬ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ಕಾಸರಗೋಡಿನಿಂದ ಬಂದ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವರು ಅಲ್ಲಿ ಸೂಪರಿಂಟೆಂಡೆಂಟ್, ಮೈಸೂರಿನವರು. ನಾನು ಎರ್ನಾಕುಳಂನಲ್ಲಿ ಕೋಣೆ ಮಾಡಿಕೊಂಡು ದಿನಾ ಬೋಟಿನಲ್ಲಿ ಬಂದುಹೋಗುತ್ತಿದ್ದೆ. ಅವರಿಗೆ ಐಲ್ಯಾಂಡಿನಲ್ಲೇ ಕ್ವಾರ್ಟರ್ಸ್ ಇತ್ತು. ಕಚೇರಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಆದ್ದರಿಂದ ಅವರು ನನ್ನನ್ನು ಮೊದಲ ದಿನವೇ ವಶಪಡಿಸಿಕೊಂಡರು. ನಾನು ಮಂಗಳೂರಿನವನಲ್ಲ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು "ಮಂಗಳೂರು". ಘಟ್ಟದ ಕೆಳಗಿನದೆಲ್ಲ ಅವರ ಲೆಕ್ಕದಲ್ಲಿ ಒಂದೇ ಊರು. ನಾನು "ಉಂಟು ಸಾರ್" ಅಂದರೆ ಸಾಕು, ಕನ್ನಡಕ ತೆಗೆದು ಟೈಯ ತುದಿಯಲ್ಲಿ ಒರೆಸಿಕೊಂಡು, "ಉಂಟಂತೆ! ಇದೇನ್ರೀ, ತಾಳಮದ್ದಳೆಯಾ?" ಎಂದು ಇಡೀ ಸೆಕ್ಷನ್ನಿಗೆ ಕೇಳುವಂತೆ ನಗುತ್ತಿದ್ದರು. ಕನ್ನಡ ತಿಳಿಯದ ಸೆಕ್ಷನ್ನು ಸೂಪರಿಂಟೆಂಡೆಂಟ್ ನಕ್ಕರೆಂದು ತಾನೂ ನಗುತ್ತಿತ್ತು.

ನಾನು ಬರುವ ಎಷ್ಟೋ ವರ್ಷ ಮೊದಲಿನಿಂದ ಕೊಚ್ಚಿಯಲ್ಲಿದ್ದರೂ ಅವರು ಮಲಯಾಳದ ಒಂದು ವಾಕ್ಯ ಕಲಿತಿರಲಿಲ್ಲ. ಅದು ಸೋಮಾರಿತನವಲ್ಲ, ಧೋರಣೆ. "ಕಲಿತ್ರೆ ಇಲ್ಲೇ ಹಾಕ್ಬಿಡ್ತಾರೆ ಕಣ್ರೀ. ಭಾಷೆ ಬರಲ್ಲ ಅಂತಿದ್ರೇನೇ ಮೈಸೂರಿಗೆ ಟ್ರಾನ್ಸ್‌ಫರ್ ಸಿಗೋದು" ಎಂದು ನನಗೆ ಗುಟ್ಟು ಹೇಳುವಂತೆ ಹೇಳಿದ್ದರು. ಟ್ರಾನ್ಸ್‌ಫರೂ ಸಿಗಲಿಲ್ಲ, ಭಾಷೆಯೂ ಬರಲಿಲ್ಲ. ಹೀಗಾಗಿ ಅವರ ನಾಲಗೆಯಾಗಿ ಓಡಾಡುವ ಕೆಲಸ ನನ್ನ ತಲೆಗೆ ಬಿತ್ತು.

ಸರ್ಕಾರಿ ಖರೀದಿಗೆ ಮೂರು ಕಡೆಯಿಂದ ಕೊಟೇಷನ್ ತರಿಸಬೇಕು, ಕಡಿಮೆ ಹೇಳಿದವನಿಗೆ ಕೊಡಬೇಕು ಎಂಬ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಕಚೇರಿಯ ಬಾಗಿಲು ದಾಟಿದ ಮೇಲೆ ಉಳಿದವರು ಅದನ್ನು ಮರೆಯುತ್ತಾರೆ. ಇವರು ಮನೆಗೂ ಹೊತ್ತುಕೊಂಡು ಹೋಗುತ್ತಿದ್ದರು. ಹಾಲಿಗೆ ಮೂರು ಮನೆಯವರನ್ನು ಒಂದೇ ಬೆಳಿಗ್ಗೆ ಕರೆಸಿ, ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿ, ದರ ಕೇಳಿದ್ದರು. ಮೂವರೂ ಅಕ್ಕಪಕ್ಕದ ಮನೆಯ ಹೆಂಗಸರು. ಅವರಲ್ಲೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಈ ಸಾರ್‌ಗೆ ಬೇಕಾದ್ದು ಹಾಲೋ ಜಗಳವೋ ಎಂದು ನನ್ನನ್ನೇ ಕೇಳಿದಳು. ಅತ್ಯಂತ ಕಡಿಮೆ ಕೊಟೇಷನ್ನಿನ ಮೇಲೆ ಕೊಂಡ ಕೊಡೆ ಎಡವ ಮಾಸದ ಮುಂಗಾರಿನ ಮೊದಲ ಮಳೆಗೇ ಮುಖ ಮೇಲೆ ಮಾಡಿತು. ಅದನ್ನು ಹಾಗೇ ಹಿಡಿದುಕೊಂಡು, ತೊಯ್ದು ತೊಪ್ಪೆಯಾಗಿ ಕಚೇರಿಗೆ ಬಂದು, "ಪ್ರೊಸೀಜರ್‌ನಲ್ಲಿ ತಪ್ಪಿಲ್ಲ" ಎಂದವರು ಅವರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹುಟ್ಟಿನಿಂದಲೇ ಅಕ್ಕನ ಒಂದು ಕಾಲು ತುಸು ಗಿಡ್ಡ. ಕುಂಟುತ್ತಾ ನಡೆಯುತ್ತಿದ್ದರು, ಆದರೆ ಸಲೀಸಾಗಿ ನಡೆಯುತ್ತಿದ್ದರು. ಹಿತ್ತಲಲ್ಲಿ ತುಳಸಿಯಿಂದ ಬಾವಿಗೆ, ಬಾವಿಯಿಂದ ಪಕ್ಕದ ಮನೆಯ ಬೇಲಿಗೆ ಅವರು ಓಡಾಡುವುದನ್ನು ನೋಡಿದರೆ ಕಾಲಿನ ಕೊರತೆ ಯಾರಿಗೂ ನೆನಪಾಗುತ್ತಿರಲಿಲ್ಲ. ನೆನಪಿಸುತ್ತಿದ್ದವರು ಗಂಡ. ಬೋಟು ಹತ್ತುವುದು, ಬಸ್ಸು ಹತ್ತುವುದು, ಪೇಟೆಗೆ ಹೋಗುವುದು, ಯಾವ ಮಾತು ಬಂದರೂ ಹೆಂಡತಿಯ ಎದುರಿಗೇ, "ಅವಳ ಕೈಲಾಗಲ್ಲ ಕಣ್ರೀ" ಎಂದುಬಿಡುತ್ತಿದ್ದರು. ನಿನ್ನ ಕೈಲಾಗುತ್ತದೆಯೇ ಎಂದು ಅಕ್ಕನನ್ನು ಕೇಳಿದ್ದು ನಾನು ಕಂಡಿಲ್ಲ. ಪಕ್ಕದ ಮನೆಯಲ್ಲಿ ಬಂದರಿನ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಚೇಚಿ ಎನ್ನುತ್ತಿದ್ದರು. ಗಂಡ ಕಲಿಯದ ಮಲಯಾಳವನ್ನು ಅಕ್ಕ ಆ ಚೇಚಿಯ ಜೊತೆ ಬೇಲಿಯ ಹತ್ತಿರ ನಿಂತು, ಆ ಮನೆಯ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಲೇ ಕಲಿತುಬಿಟ್ಟಿದ್ದರು.

ಅಕ್ಕ ಹೊರಗೆ ಹೋಗುವುದಿದ್ದರೆ ಗಂಡನ ಸೈಡ್‌ಕಾರಿನಲ್ಲೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್ ಅದು. ಪಕ್ಕಕ್ಕೆ ತೊಟ್ಟಿಯಂಥ ಸೈಡ್‌ಕಾರು. ಬಣ್ಣ ಹಸಿರೋ ತುಕ್ಕೋ ಹೇಳಲಾಗುತ್ತಿರಲಿಲ್ಲ. ಭಾನುವಾರ ಅದರಲ್ಲಿ ಹೆಂಡತಿಯನ್ನು ಕೂರಿಸಿ, ತಲೆಗೆ ಟೊಪ್ಪಿ ಹಾಕಿ, ದಾರಿಯವರೆಲ್ಲ ತಿರುಗಿ ನೋಡುವಂತೆ ಹಾರ್ನ್ ಮಾಡುತ್ತ ಎಡಪ್ಪಳ್ಳಿಗೆ ಹೋಗುತ್ತಿದ್ದರು. ಅಲ್ಲಿ ಅಕ್ಕನ ತಂಗಿ ಇದ್ದಳು, ಬ್ಯಾಂಕಿನ ಗುಮಾಸ್ತನ ಹೆಂಡತಿ.

ಒಂದು ದಿನ ಸೇತುವೆಯ ಹತ್ತಿರ ಗಾಡಿ ಗುಂಡಿಗೆ ಬಿದ್ದು ಹಿಂದಿನ ಚಕ್ರದ ರಿಮ್ ಹಪ್ಪಳದಂತೆ ಸೊಟ್ಟಗಾಯಿತು. ಉಪ್ಪುಗಾಳಿಗೆ ಮೊದಲೇ ತಿಂದುಹೋಗಿದ್ದ ಕಡ್ಡಿಗಳು ಪಟಪಟ ಮುರಿದವು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಆದರೆ ಹೊತ್ತು ಸರಿಯಿರಲಿಲ್ಲ. ಅಕ್ಕನ ತಂಗಿ ತುಂಬು ಗರ್ಭಿಣಿ. ಮೊದಲನೆಯ ಮಗು ಉಳಿದಿರಲಿಲ್ಲ. ಆ ಸಲ ಹೆರಿಗೆಯಲ್ಲಿ ಜೊತೆಗೆ ಯಾರೂ ಇರಲಿಲ್ಲ, ತಾಯಿ ಎಂದೋ ತೀರಿಹೋಗಿದ್ದರು. ಈ ಸಲ ಅಕ್ಕ ಇದ್ದೇ ಇರುತ್ತೇನೆಂದು ಮಾತು ಕೊಟ್ಟಿದ್ದರು. ತಂಗಿ ಆ ಒಂದು ಮಾತಿನ ಮೇಲೆ ಜೀವ ಹಿಡಿದುಕೊಂಡಿದ್ದಳು.

"ರೀ, ಒಂದು ಕಾರು ಮಾಡಿ ಕಳಿಸ್ಬಿಡಿ," ಎಂದು ಅಕ್ಕ ನನ್ನೆದುರಿಗೇ ಕೇಳಿದರು. "ಈಗ್ಲೇ ಹೋಗಿ ಇದ್ಬಿಡ್ತೀನಿ. ಅವಳಿಗೆ ಧೈರ್ಯ ಆಗತ್ತೆ."

"ಮನೇಲಿ ವೆಹಿಕಲ್ ಇಟ್ಕೊಂಡು ಬಾಡಿಗೆ ಕಾರಲ್ಲಿ ಹೋಗೋದಾ? ನೋಡ್ದೋರು ಏನಂತಾರೆ? ಚಕ್ರ ತಾನೇ, ಒಂದು ವಾರದಲ್ಲಿ ತರ್ತೀನಿ."

"ಹಾಗಾದ್ರೆ ಬೋಟಲ್ಲಿ..."

"ನಿನ್ನ ಕೈಲಾಗಲ್ಲ."

ಎರ್ನಾಕುಳಂನ ಒಂದು ವರ್ಕ್‌ಶಾಪಿನವನು ಮೊದಲ ದಿನವೇ ದಾರಿ ಹೇಳಿದ್ದ. ಚಕ್ರದ ನಡುವಿನ ಹಬ್ ಗಟ್ಟಿಯಾಗಿದೆ, ಅದನ್ನು ಇಟ್ಟುಕೊಂಡು ಬೇರೆ ರಿಮ್ಮಿಗೆ ಹೊಸ ಕಡ್ಡಿ ಕಟ್ಟಿಕೊಡುತ್ತೇನೆ ಅಂದ. ಅಂಥ ಮಹಾ ವಿದ್ಯೆಯೇನಲ್ಲ, ಸೈಕಲ್ ರಿಪೇರಿ ಮಾಡುವ ಯಾರೂ ಹೇಳುತ್ತಿದ್ದರು. ಇವರು ಒಪ್ಪಲಿಲ್ಲ. "ಅದು ರಿಪೇರಿ ಅನ್ನಿಸ್ಕೊಳ್ಳತ್ತೆ. ನಾನು ಡಿಸೈಡ್ ಮಾಡಿರೋದು ರೀಪ್ಲೇಸ್‌ಮೆಂಟು. ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಹೆಡ್ಡು" ಅಂದರು. ಯಾವ ಹೆಡ್ಡು, ಯಾರ ಹೆಡ್ಡು, ಗಾಡಿ ಅವರ ಸ್ವಂತದ್ದು! ನನಗೆ ಮಂಡೆಬಿಸಿಯಾಯಿತು.

ಆಮೇಲೆ ಅದೃಷ್ಟ ತಾನಾಗಿ ಬಾಗಿಲಿಗೆ ಬಂತು. ಪಾಲಾರಿವಟ್ಟಂನಲ್ಲಿ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯ ಶೆಡ್ಡಿನಲ್ಲಿ ಅದೇ ಹರಾಜಿನ, ಅದೇ ಮಾದರಿಯ ಗಾಡಿಯ ಹಿಂದಿನ ಚಕ್ರ ಇದೆಯೆಂದು ಗೊತ್ತಾಯಿತು. ಇಬ್ಬರೂ ಹೋದೆವು. ವ್ಯಾಪಾರಿ ಬೀಡಿ ಸೇದುತ್ತ ಟೈರುಗಳ ರಾಶಿಯ ಮೇಲೆ ಮಲಗಿದ್ದ. ಏಳದೆ ಕಾಲಲ್ಲೇ ಚಕ್ರ ತೋರಿಸಿದ. ನಾನು ಹಳೆ ಹಬ್ಬಿನ ಅಗಲಕ್ಕೆ ಸರಿಯಾಗಿ ಒಂದು ಹುರಿಯನ್ನು ಅಳೆದು ಕತ್ತರಿಸಿ ತಂದಿದ್ದೆ. ಇಟ್ಟು ನೋಡಿದೆ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಚ್ಚು ತೂರುವ ತೂತೂ ಅದೇ. ಚೈನಿನ ಹಲ್ಲುಚಕ್ರವೂ ಅದೇ.

"ಇದೇ ಕಣ್ರೀ!" ಅಂದರು. ಮುಖ ಅರಳಿತ್ತು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. "ಆದ್ರೆ ಸಿಂಗಲ್ ಟೆಂಡರ್ ಆಗ್ಬಿಡತ್ತಲ್ಲ. ಇಂಥ ಚಕ್ರ ಮಾರೋರು ಇನ್ನಿಬ್ರು ಯಾರಿದಾರೆ ಅಂತ ಇವನನ್ನೇ ಕೇಳಿ."

"ಸಾರ್, ಇವನ ಹತ್ತಿರ ಇರುವುದೇ ದೊಡ್ಡದು. ತಕ್ಕೊಂಡು ಹೋಗುವ."

"ಕೇಳಿ ಅಂದ್ರೆ ಕೇಳ್ರೀ."

ಕೇಳಿದೆ. ವ್ಯಾಪಾರಿ ಆಗ ಎದ್ದು ಕುಳಿತ. ಹೆಣ್ಣು ನೋಡಲು ಬಂದವನು ಹೆಣ್ಣಿನ ಅಪ್ಪನ ಹತ್ತಿರವೇ ಇನ್ನೆರಡು ಮನೆಯ ವಿಳಾಸ ಕೇಳಿದ ಹಾಗಾಯಿತಲ್ಲ ಎಂದ. ಅದನ್ನು ನಾನು ಅನುವಾದಿಸಲಿಲ್ಲ. "ವೇಣಮೆಂಗಿಲ್ ಎಡುತ್ತೋ ಸಾರೇ," ಬೇಕಾದರೆ ತೆಗೆದುಕೊಳ್ಳಿ ಎಂದು ಹೇಳಿ ಮತ್ತೆ ಮಲಗಿದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸಂಜೆ ಸಂಜೆ ನನ್ನನ್ನು ಕರೆದುಕೊಂಡು ಅಂಗಡಿಯಿಂದ ಅಂಗಡಿಗೆ. ಸೈಕಲ್ ಮಾರುವವರು, ಲಾರಿ ಬಿಡಿಭಾಗ ಮಾರುವವರು, ಕೊನೆಗೆ ಹೊಲಿಗೆ ಯಂತ್ರದ ಅಂಗಡಿ. ಎಲ್ಲರೂ ನಮ್ಮಲ್ಲಿಲ್ಲ ಎನ್ನುವವರೇ. "ಇಲ್ಲ ಅಂತಾನೇ ಬರ್ದು ಕೊಡ್ಲಿ. ಅದು ನಿಲ್ ಕೊಟೇಷನ್ ಆಗತ್ತೆ" ಎಂದು ಇವರು. ಇಲ್ಲದ ಸಾಮಾನನ್ನು ಇಲ್ಲವೆಂದು ಬರೆದುಕೊಡಲು ಯಾವ ವ್ಯಾಪಾರಿಗೆ ಪುರುಸೊತ್ತು? ಅಂತೂ ನಾನು ಹಲ್ಲು ಗಿಂಜಿ, ಕಾಡಿ ಬೇಡಿ ಎರಡು ಚೀಟಿ ಮಾಡಿಸಿದೆ. ಪಾಲಾರಿವಟ್ಟಂನವನ ದರವೂ ಸೇರಿ ಮೂರಾಯಿತೆಂದು ಇವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಪಾಲಾರಿವಟ್ಟಂಗೆ ಬಂದರು. ಚಕ್ರ ಇರಲಿಲ್ಲ. ಅದೇ ಮಾದರಿಯ ಗಾಡಿಯಿದ್ದ ಪಕ್ಕದ ಇಗರ್ಜಿಯ ಪಾದ್ರಿಯೊಬ್ಬರು ಹಿಂದಿನ ದಿನ ಬಂದು, ನೋಡಿ, ಎತ್ತಿಕೊಂಡು ಹೋಗಿದ್ದರು.

"ದೇವರ ಕೆಲಸಕ್ಕೆ ಮೋಟಾರ್ ಸೈಕಲ್ ಯಾಕ್ರೀ?" ಎಂದು ಇವರು ಕೆಂಪಾದರು. ತಮ್ಮ ತಪ್ಪೆಂದು ಒಂದು ಕ್ಷಣವಾದರೂ ಅನ್ನಿಸಿದ್ದು ಮುಖದಲ್ಲಿ ಕಾಣಲಿಲ್ಲ.

ಮನೆಯಲ್ಲಿ ಅಕ್ಕ ಕಾಫಿ ಕೊಡುವಾಗ ಲೋಟ ಟಕ್ಕೆಂದು ಇಟ್ಟರು, ಅಷ್ಟೆ. ನಾನು ಹೊರಟಾಗ ಗೇಟಿನವರೆಗೆ ಬಂದು, "ನೋಡಪ್ಪಾ, ಅವಳ ದಿನ ಹತ್ರ ಬಂತು. ನಿಮ್ಮ ಸಾರ್‌ಗೆ ನೀನಾದ್ರೂ ಒಂದು ಮಾತು ಹೇಳು" ಅಂದರು. ನನ್ನ ಮಾತು ಕೇಳುವ ಸಾರ್ ಅವರಾಗಿದ್ದರೆ ಚಕ್ರ ಎಂದೋ ಬರುತ್ತಿತ್ತು. ಆದರೂ ಒಂದು ಉಪಾಯ ಹೊಳೆಯಿತು. ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಕಾನೂನು ವಿಭಾಗದಲ್ಲಿ ನಮ್ಮ ಕಾಸರಗೋಡಿನ ಕಡೆಯ ವಕೀಲರೊಬ್ಬರಿದ್ದರು. ಅವರ ಶೆಡ್ಡಿನಲ್ಲಿ ಅದೇ ಕಂಪನಿಯ ಒಂದು ಗಾಡಿ ಕೆಟ್ಟು ಕೂತಿತ್ತು. ಕಾಗದ ಹಾಕಿದೆ. ಚಕ್ರ ಸುಮ್ಮನೆ ಕೊಡುತ್ತೇನೆ, ಶೆಡ್ಡು ಖಾಲಿಯಾದರೆ ಸಾಕು ಎಂದು ಉತ್ತರ ಬಂತು. ಟೈರಿನ ಮೇಲಿನ ನಂಬರನ್ನೂ ಬರೆದಿದ್ದರು. ನಮ್ಮದರ ನಂಬರೂ ಅದೇ.

"ಪುಕ್ಕಟೆಗೆ ಕೊಟೇಷನ್ ಬೇಡ," ಎಂದು ಇವರೇ ತೀರ್ಪು ಕೊಟ್ಟರು.

"ಹಬ್ಬಿನ ಅಳತೆ ಒಮ್ಮೆ ತರಿಸುವ ಸಾರ್. ಅದು ಬೇರೆ ಮಾಡೆಲ್ಲು."

"ನಂಬರ್ ಒಂದೇ ಅಂದ್ಮೇಲೆ ಚಕ್ರ ಒಂದೇ ಕಣ್ರೀ ಮಂಗಳೂರು. ಅಲ್ದೆ ಅವರು ನಮ್ಮೋರು. ಕನ್ನಡದೋರು ಮೋಸ ಮಾಡ್ತಾರಾ?"

ಮೋಸದ ಮಾತು ಯಾರೂ ಎತ್ತಿರಲಿಲ್ಲ. ಎಂಜಿನಿಯರಿಂಗನ್ನು ಭಾಷಾಭಿಮಾನದಿಂದ ತೀರ್ಮಾನಿಸಿದವರನ್ನು ನಾನು ಮೊದಲು ಕಂಡದ್ದು ಆವತ್ತೇ. ರಜೆ ಹಾಕಿ ಇಬ್ಬರೂ ಕೋಟ್ಟಯಂ ದಾರಿಯ ರೈಲು ಹತ್ತಿದೆವು. ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಗಂಡನನ್ನು ನೋಡದೆ ನನ್ನನ್ನೇ ನೋಡುತ್ತಿದ್ದರು.

ವಕೀಲರ ಮನೆಯಲ್ಲಿ ಆತಿಥ್ಯವೇನೋ ಭರ್ಜರಿ. ನೀರುದೋಸೆ, ಕಾಯಿಹಾಲು. ಅವರ ಮಕ್ಕಳು ನಮ್ಮ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಟ್ಟದ್ದೇ ಸಾಕಾಯಿತು, ಇವರು ದೋಸೆ ಕೈಯಲ್ಲಿ ಹಿಡಿದುಕೊಂಡೇ ಮಾತೃಭಾಷೆಯ ಮೇಲೆ ಭಾಷಣ ಶುರು ಮಾಡಿದರು. ಉಂಡ ಮನೆಯಲ್ಲಿ ಹೀಗೆ ಮಾತಾಡುವುದಕ್ಕೂ ಒಂದು ಧೈರ್ಯ ಬೇಕು. ವಕೀಲರು ಒಳ್ಳೆಯವರು, ನಗುತ್ತ ನಮ್ಮನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಚಕ್ರದ ರಿಮ್ ಹೊಸದರಂತಿತ್ತು. ಆದರೆ ಹಬ್ಬಿನ ಮೇಲೆ ಹುರಿಯಿಟ್ಟರೆ ಹುರಿ ಎರಡು ಬೆರಳು ಉದ್ದವಾಯಿತು. ಹಬ್ ಸಣ್ಣದು, ಅಚ್ಚಿನ ತೂತು ಇನ್ನೂ ಸಣ್ಣದು.

"ಹಿಡಿಯುವುದಿಲ್ಲ ಸಾರ್," ಅಂದೆ.

ಅವರು ಹುರಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ಎಳೆದು ನೋಡಿದರು. "ಇದು ಹಿಗ್ಗಿದೆ ಕಣ್ರೀ" ಅಂದರು.

ಪಾಲಾರಿವಟ್ಟಂನಲ್ಲಿ ಸರಿಯಾಗಿದ್ದ ಹುರಿ ತಿರುವನಂತಪುರಕ್ಕೆ ಬರುವಷ್ಟರಲ್ಲಿ ಹಿಗ್ಗಿತ್ತಂತೆ! ವಕೀಲರು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ನನಗೆ ನಗುವೂ ಬರಲಿಲ್ಲ. ಎಡಪ್ಪಳ್ಳಿಯಲ್ಲಿ ಒಬ್ಬಳು ಹೆಂಗಸು ದಿನ ಎಣಿಸುತ್ತಿದ್ದಾಳೆ, ಈ ಮನುಷ್ಯ ಹುರಿಯ ಮೇಲೆ ತಪ್ಪು ಹೊರಿಸುತ್ತಿದ್ದಾನೆ ಎಂದು ಅಸಹ್ಯವಾಯಿತು. ಇದ್ದ ಗೌರವವೂ ಅಲ್ಲಿಗೆ ಮುಗಿಯಿತು.

ವಾಪಸು ಬರುವಾಗ ಚಕ್ರವನ್ನು ಲಗೇಜಿಗೆ ಹಾಕಲೂ ಬಿಡಲಿಲ್ಲ. ತೊಡೆಯ ಮೇಲೆ ನಿಲ್ಲಿಸಿಕೊಂಡು, ಕಡ್ಡಿಗಳ ನಡುವಿಂದ ಎದುರಿನವರನ್ನು ನೋಡುತ್ತ ಕೂತರು. ಟಿಕೆಟ್ ಪರೀಕ್ಷಕ ಬಂದು ಇದು ಸರಕು ಎಂದ. ಇವರು ಇದು ವಾಹನದ ಭಾಗ ಎಂದರು. ವಾಹನವಾದರೆ ವಾಹನದ ಟಿಕೆಟ್ ತೋರಿಸಿ ಎಂದ ಅವನು. ಕೊಲ್ಲಂ ದಾಟುವವರೆಗೂ ಆ ವಾದ ನಡೆಯಿತು. ಪಕ್ಕದಲ್ಲಿದ್ದ ನಾನು ಅವರ ಪರಿಚಯವಿಲ್ಲದವನಂತೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಚಕ್ರ ಹೊತ್ತುಕೊಂಡು ಕ್ವಾರ್ಟರ್ಸಿಗೆ ಬಂದರೆ ಬಾಗಿಲಿಗೆ ಬೀಗ. ಬೇಲಿಯಾಚೆ ಚೇಚಿಯ ತಾಯಿ ಕೊತ್ತಂಬರಿ ಒಣಗಿಸುತ್ತಿದ್ದರು. ನಿನ್ನೆ ಬೆಳಿಗ್ಗೆ ಎಡಪ್ಪಳ್ಳಿಯಿಂದ ಆಳು ಬಂದ, ತಂಗಿಗೆ ನೋವು ಶುರುವಾಗಿತ್ತು, ನನ್ನ ಮಗಳೂ ಜೊತೆಗೆ ಹೋದಳು ಎಂದು ಆಕೆ ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ.

"ಹೇಗ್ರೀ ಹೋದ್ಲು? ಯಾವ ಕಾರು?"

"ಬೋಟಿಲ್," ಎಂದರು ಆಕೆ. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ಅವಳ ಕೈಲಾಗಲ್ವಲ್ಲ!" ಎಂದು ಇವರು ನನ್ನ ಮೇಲೆ ರೇಗಿದರು, ನಾನೇ ಹೊತ್ತುಕೊಂಡು ಹೋದವನ ಹಾಗೆ.

ಅಕ್ಕ ಹೋಗಿ ಮುಟ್ಟಿದ್ದರು. ಬೋಟು ಹತ್ತಿ, ಜೆಟ್ಟಿಯಿಂದ ರಿಕ್ಷಾ ಹಿಡಿದು, ಹೊತ್ತಿಗೆ ಸರಿಯಾಗಿ ಮುಟ್ಟಿದ್ದರು. "ಇಡೀ ದಿನ ಅವಳು ನನ್ನ ಕೈ ಬಿಡ್ಲಿಲ್ಲಪ್ಪಾ. ನೋಡು, ಉಗುರಿನ ಗುರುತು ಇನ್ನೂ ಇದೆ" ಎಂದು ನನಗೆ ಆಮೇಲೆ ತೋರಿಸಿದರು. ಹೆಣ್ಣು ಮಗು. ಕಷ್ಟದ ಹೆರಿಗೆಯಾದರೂ ತಾಯಿ ಮಗು ಇಬ್ಬರೂ ಉಳಿದರು. ಆ ಸುದ್ದಿ ಕೇಳಿದ ದಿನ ನನಗೆ ಅತ್ತುಬಿಡುವಷ್ಟು ಸಂತೋಷವಾಯಿತು. ಅಕ್ಕ ಬಾಣಂತನಕ್ಕೆ ಅಲ್ಲೇ ಉಳಿದರು. ನಡುನಡುವೆ ಬೋಟಿನಲ್ಲಿ ಬಂದು ಮನೆ ಗುಡಿಸಿ, ಗಂಡನಿಗೆ ಸಾರಿನ ಪುಡಿ ಮಾಡಿಟ್ಟು, ಅವರು ಕಚೇರಿಯಿಂದ ಬರುವ ಮೊದಲೇ ಬೋಟಿನಲ್ಲಿ ಹೋಗಿಬಿಡುತ್ತಿದ್ದರು.

ತಿರುವನಂತಪುರದ ಚಕ್ರ ನಿರೀಕ್ಷೆಯಂತೆ ಹಿಡಿಯಲಿಲ್ಲ. ಕೊನೆಗೆ ನಾನೇ ಎರ್ನಾಕುಳಂನ ವರ್ಕ್‌ಶಾಪಿಗೆ ಎರಡೂ ಚಕ್ರ ಹೊರಿಸಿಕೊಂಡು ಹೋದೆ. ಅದರ ರಿಮ್ಮು, ನಮ್ಮ ಹಳೆಯ ಹಬ್ಬು, ಹೊಸ ಕಡ್ಡಿ. ಆತ ಮೊದಲ ದಿನ ಹೇಳಿದ್ದೂ ಅದನ್ನೇ. ಗಾಡಿ ಎದ್ದು ನಿಂತಿತು. ಮರುದಿನ ಸೆಕ್ಷನ್ನಿನಲ್ಲಿ ಇವರು ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ರಿಮ್ಮಿಗೋಸ್ಕರವೇ ತಾನು ಟ್ರಿವೆಂಡ್ರಂಗೆ ಹೋದದ್ದು ಎಂದು ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದರು. ನನ್ನ ಕಡೆ ನೋಡಿ "ಇವರೂ ಜೊತೆಗಿದ್ದರು" ಎಂದರು. ಅಷ್ಟು ಉಪಕಾರ.

ಮಗುವಿನ ನಾಮಕರಣಕ್ಕೆ ಚೇಚಿ ಮೊದಲೇ ಬೋಟಿನಲ್ಲಿ ಹೋಗಿದ್ದರು, ನಾವು ಎಡಪ್ಪಳ್ಳಿಗೆ ಅದರಲ್ಲೇ ಹೋದೆವು. ಸೈಡ್‌ಕಾರಿನಲ್ಲಿ ನಾನು. ವಾಪಸು ಅಕ್ಕನನ್ನು ಕರೆತರುವುದು, ನಾನು ಬಸ್ಸಿನಲ್ಲಿ ಬರುವುದು ಎಂದು ಹೇಳಿದ್ದರು. ಊಟವಾದ ಮೇಲೆ ಗಾಡಿಯನ್ನು ಮೆಟ್ಟಿಲ ಬುಡಕ್ಕೇ ತಂದು, ಸೈಡ್‌ಕಾರಿನ ಸೀಟನ್ನು ಕರವಸ್ತ್ರದಿಂದ ಒರೆಸಿ, ಹಾರ್ನ್ ಮಾಡಿದರು. ಅಕ್ಕ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಚಕ್ರವನ್ನು ನೋಡಿದರು.

"ಚೆನ್ನಾಗಿ ಆಗಿದೆ ರೀ," ಅಂದರು. "ನೀವು ಮುಂದೆ ಹೋಗ್ತಾ ಇರಿ. ನಾನು ಚೇಚಿ ಜೊತೆ ಬೋಟಲ್ಲಿ ಬರ್ತೀನಿ."

"ಇದನ್ನ ಹಾಕ್ಸಿದ್ದೇ ನಿನಗೋಸ್ಕರ ಕಣೇ."

"ಗೊತ್ತು. ಆದ್ರೂ ಬೋಟಲ್ಲೇ ಬರ್ತೀನಿ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಇವರು ಜಗಳವಾಡಿ ಗೆಲ್ಲುತ್ತಿದ್ದರು. ಒಂದಷ್ಟು ಹೊತ್ತು ಹ್ಯಾಂಡಲ್ ಹಿಡಿದುಕೊಂಡು ಕೂತರು. ತಂಗಿಯ ಗಂಡ, ನೆಂಟರು, ಅಕ್ಕಪಕ್ಕದವರು, ಎಲ್ಲರೂ ನೋಡುತ್ತಿದ್ದರು. ಆಮೇಲೆ ನನಗೆ ಕೈಸನ್ನೆ ಮಾಡಿದರು. ನಾನು ಹತ್ತಿ ಕೂತೆ.

ದಾರಿಯಲ್ಲಿ ಒಂದು ಹಾರ್ನಿಲ್ಲ. ನಾನು ಒಳಗೊಳಗೇ ಹಿಗ್ಗುತ್ತಿದ್ದೆ, ಅದನ್ನು ಮುಚ್ಚಿಡುವುದೇಕೆ? ಸರಿಯಾಗಿ ಆಯಿತು ಎಂದುಕೊಳ್ಳುತ್ತಿದ್ದೆ. ಐಲ್ಯಾಂಡಿನ ಸೇತುವೆಯ ಮೇಲೆ ಬಂದಾಗ ಗಾಡಿ ನಿಧಾನ ಮಾಡಿದರು. ಎಂಜಿನ್ನಿನ ಸದ್ದಿನಲ್ಲಿ ಏನೋ ಅಂದರು, ಕೇಳಿಸಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ನನ್ನ ಮುಖ ನೋಡದೆ, ನೀರಿನ ಕಡೆ ನೋಡುತ್ತ ಮತ್ತೆ ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಉತ್ತರ ಬೇಕೆಂದು ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.

"ಬೋಟಲ್ಲಿ ಅವಳಿಗೆ ಕೂತ್ಕೊಳ್ಳೋಕೆ ಜಾಗ ಸಿಗತ್ತೇನ್ರೀ?"

"ಸಿಗ್ತದೆ ಸಾರ್," ಅಂದೆ. "ನಾನೇ ನೋಡಿದ್ದೇನೆ. ಅಕ್ಕ ಬಂದ ಕೂಡಲೇ ಎದ್ದು ಕೊಡ್ತಾರೆ."

"ಯಾರು?"

"ಎಲ್ಲರೂ ಸಾರ್. ಬೋಟಿನಲ್ಲಿ ಎಲ್ಲರಿಗೂ ಅವರ ಪರಿಚಯ ಉಂಟು."